ಏಳನೇ ಬೆಡ್ಡಿನಿಂದ ವಾಪಸ್ ಬಂದ ಊಟ

ಆಸ್ಪತ್ರೆಯಲ್ಲಿ ನನ್ನನ್ನು ಎಲ್ಲರೂ ಗಾಳಿ ಮೇಷ್ಟ್ರು ಎನ್ನುತ್ತಿದ್ದರು. ಐಸಿಯುವಿನಲ್ಲಿ ತಾವಾಗಿ ಉಸಿರಾಡಲು ಆಗದವರಿಗೆ ವೆಂಟಿಲೇಟರ್ ಹಚ್ಚುವುದು, ಅದರ ಒತ್ತಡ ಹೆಚ್ಚುಕಡಿಮೆ ಮಾಡುವುದು, ಹೊತ್ತು ಬಂದಾಗ ಯಂತ್ರದಿಂದ ಬಿಡಿಸುವುದು, ಇದೇ ಇಪ್ಪತ್ತೊಂಬತ್ತು ವರ್ಷ ನನ್ನ ಕೆಲಸವಾಗಿತ್ತು. ಹೊಸದಾಗಿ ಬಂದ ಡಾಕ್ಟರುಗಳಿಗೆ ಈ ಯಂತ್ರದ ಸ್ವಭಾವ ನಾನೇ ಕಲಿಸುತ್ತಿದ್ದೆ. ಕಲಿಸುವಾಗ ಗದರುತ್ತಿದ್ದೆ, ಗದರಿದ ಮೇಲೆ ಚಹಾ ಕುಡಿಸುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು, ಜಂಬ ಅದಕ್ಕಿಂತ ಸ್ವಲ್ಪ ಮೇಲೆ. ಆದರೆ ನಾನು ಹೇಳಹೊರಟಿರುವುದು ನನ್ನ ಕಥೆಯಲ್ಲ. ಆ ಜಂಬವನ್ನು ಒಂದೇ ಬೆಳಿಗ್ಗೆಯಲ್ಲಿ ಇಳಿಸಿಟ್ಟ ಒಬ್ಬ ಹೆಂಗಸಿನ ಕಥೆ.

ಅವರಿಗೆ ವಾರ್ಡಿನವರು ಇಟ್ಟ ಹೆಸರು ಅಳತೆಯಕ್ಕ. ಐಸಿಯು ಬಾಗಿಲಿನ ಎದುರಿಗೆ, ಲಿಫ್ಟಿನ ಪಕ್ಕದಲ್ಲಿ, ಫೀಡ್ ರೂಮ್ ಎಂಬ ಒಂದು ಗೂಡು. ಒಳಗೆ ಇಬ್ಬರು ನಿಂತರೆ ಮೂರನೆಯವರು ಹೊರಗೇ ನಿಂತು ಮಾತಾಡಬೇಕು. ಒಂದು ಸ್ಟೀಲ್ ಮೇಜು, ಪುಡಿ ತೂಗುವ ಚಿಕ್ಕ ತಕ್ಕಡಿ, ಕುದಿಸಿ ಆರಿಸಿದ ನೀರಿನ ಕ್ಯಾನು, ಪುಡಿಯ ಡಬ್ಬಿಗಳು, ಒಂದು ಫ್ರಿಜ್ಜು, ಗೋಡೆಯಲ್ಲಿ ಚೀಲಗಳನ್ನು ದಾಟಿಸಲು ಒಂದು ಕಿಂಡಿ. ಬಾಯಿಂದ ತಿನ್ನಲಾಗದ ರೋಗಿಗಳಿಗೆ ಮೂಗಿನಿಂದ ಹೊಟ್ಟೆಯವರೆಗೆ ತೆಳ್ಳನೆಯ ನಳಿಗೆ ಇಳಿಸಿರುತ್ತೇವೆ. ಆ ನಳಿಗೆಯಲ್ಲಿ ಹೋಗುವ ದ್ರವ ಆಹಾರವನ್ನು ಬೆರೆಸಿ, ಚೀಲಕ್ಕೆ ತುಂಬಿ, ಬೆಡ್ ನಂಬರಿನ ಚೀಟಿ ಅಂಟಿಸಿ ಕಳಿಸುವುದು ಅಕ್ಕನ ಕೆಲಸ. ಬಾಯಲ್ಲಿ ನನ್ನ ಟ್ಯೂಬು, ಮೂಗಿನಲ್ಲಿ ಅವರ ಟ್ಯೂಬು. ಒಂದೇ ಮುಖದ ಮೇಲೆ ಹದಿನೆಂಟು ವರ್ಷ ಒಟ್ಟಿಗೆ ದುಡಿದವರು ನಾವು. ಆದರೂ ನಾನು ಅವರನ್ನು ಸರಿಯಾಗಿ ಮಾತಾಡಿಸಿದ್ದು ಕಡಿಮೆ. ಯಂತ್ರದ ಮನುಷ್ಯನಿಗೆ ಗಂಜಿಯವರ ಹತ್ತಿರ ಏನು ಮಾತು, ಎಂದುಕೊಂಡಿದ್ದೆ.

ಅಕ್ಕ ಕುಳ್ಳಗಿನವರು. ಮೇಲಿನ ಕಪಾಟು ಎಟುಕದೆ ಒಂದು ಮಣೆ ಇಟ್ಟುಕೊಂಡಿದ್ದರು. ಮಾತು ಕಡಿಮೆ, ಆಡಿದರೆ ನೇರ. ಒಂದು ಸಲ ಪುಡಿಯ ಕಂಪನಿಯ ಹುಡುಗನೊಬ್ಬ ಟೈ ಕಟ್ಟಿಕೊಂಡು ಬಂದು ತನ್ನ ಡಬ್ಬಿಯ ಗುಣಗಾನ ಅರ್ಧ ಗಂಟೆ ಮಾಡಿದ. ಎಲ್ಲ ಕೇಳಿಸಿಕೊಂಡ ಅಕ್ಕ, ‘ಒಂದು ಲೋಟ ಬೆರೆಸಿ ಕೊಡ್ತೀನಿ, ಕುಡಿದು ತೋರಿಸಪ್ಪ’ ಎಂದರು. ಅವನು ಅರ್ಧ ಕುಡಿದು, ಉಳಿದರ್ಧವನ್ನು ನೋಡುತ್ತಾ ಕೂತ. ‘ರುಚಿ ಗೊತ್ತಾಗದವರಿಗೆ ಕೊಡೋದು ಅಂತ ಹೇಗಿದ್ರೂ ನಡೆಯುತ್ತೆ ಅಂದ್ಕೋಬೇಡ, ಕರಗದೆ ಗಂಟು ಕಟ್ಟಿದ್ರೆ ನಳಿಗೇಲಿ ಸಿಕ್ಕಿಹಾಕಿಕೊಳ್ಳುತ್ತೆ’ ಎಂದು ಲೋಟದ ತಳದಲ್ಲಿದ್ದ ಗಂಟುಗಳನ್ನು ತೋರಿಸಿ ಕಳಿಸಿದರು. ಹುಡುಗ ಮತ್ತೆ ಆ ಮಹಡಿ ಹತ್ತಲಿಲ್ಲ.

ಅಳತೆಯಕ್ಕ ಎಂಬ ಹೆಸರು ಬಂದದ್ದು ಪುಡಿ ಅಳೆಯುವುದರಿಂದಲ್ಲ. ಅದನ್ನು ಯಾರಾದರೂ ಅಳೆಯಲೇಬೇಕು. ಇವರು ವಾಪಸ್ ಬಂದದ್ದನ್ನು ಅಳೆಯುತ್ತಿದ್ದರು. ಒಂದು ಚೀಲವನ್ನು ನಾಲ್ಕು ಗಂಟೆಗಿಂತ ಹೆಚ್ಚು ನೇತುಹಾಕಿದರೆ ಕೆಡುತ್ತದೆ, ಆದ್ದರಿಂದ ಉಳಿದರೂ ತೆಗೆದು ಹೊಸದು ಹಾಕಬೇಕು. ಉಳಿದ ಚೀಲಗಳು ಟ್ರೇಯಲ್ಲಿ ಫೀಡ್ ರೂಮಿಗೆ ಬರುತ್ತಿದ್ದವು, ಚೆಲ್ಲಲು. ಬೇರೆ ಯಾರೇ ಆಗಿದ್ದರೂ ಕಣ್ಣು ಮುಚ್ಚಿಕೊಂಡು ಸಿಂಕಿಗೆ ಸುರಿಯುತ್ತಿದ್ದರು. ಅಕ್ಕ ಪ್ರತಿ ಚೀಲವನ್ನೂ ಗೆರೆ ಹಾಕಿದ ಜಗ್ಗಿಗೆ ಬಗ್ಗಿಸಿ, ಎಷ್ಟು ಉಳಿದಿದೆ ಎಂದು ನೋಡಿ, ಆ ಸಂಖ್ಯೆಯನ್ನು ಚೀಲದ ಚೀಟಿಯ ಮೇಲೆ ಬರೆದು, ಚೀಟಿಯನ್ನು ಕಿತ್ತು ಕಪಾಟಿನ ಬಾಗಿಲ ಒಳಮೈಗೆ ಅಂಟಿಸುತ್ತಿದ್ದರು. ಒಂದೊಂದು ಬೆಡ್ಡಿಗೆ ಒಂದೊಂದು ಸಾಲು. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಾಡಿದ್ದಕ್ಕೆ ಯಾರೂ ಶಭಾಷ್ ಎಂದಿರಲಿಲ್ಲ. ಸಿಸ್ಟರ್‌ಗಳು ನಗುತ್ತಿದ್ದರು, ನಾನೂ ಆ ನಗುವಿನಲ್ಲಿ ಸೇರಿದ್ದೆ.

ಈ ಅಭ್ಯಾಸ ಎಲ್ಲಿಂದ ಬಂತು ಎಂಬುದನ್ನು ನನಗೆ ಹೇಳಿದ್ದು ಅವರ ಯಜಮಾನರು. ಅವರದು ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಕಟಿಂಗ್ ಅಂಗಡಿ. ತಿಂಗಳಿಗೊಮ್ಮೆ ನನ್ನ ತಲೆ ಅವರ ಕೈಯಲ್ಲಿ. ಗಂಡ ಹೆಂಡತಿ ಇಬ್ಬರ ಪಾಲಿನ ಮಾತನ್ನೂ ದೇವರು ಇವರೊಬ್ಬರಿಗೇ ಕೊಟ್ಟಿದ್ದ.

‘ನಮ್ಮೋಳು ಮೊದ್ಲು ಹೆಣ್ಮಕ್ಕಳ ಹಾಸ್ಟೆಲಲ್ಲಿ ಅಡುಗೆ ಮಾಡ್ತಿದ್ಲು ಮೇಷ್ಟ್ರೇ’ ಎಂದು ಅವರು ಕತ್ತರಿ ಆಡಿಸುತ್ತಾ ಶುರುಮಾಡಿದ್ದರು. ‘ಅಲ್ಲಿ ಒಂದು ಮಗು ದಿನಾ ತಟ್ಟೆ ತುಂಬ ಹಾಕಿಸ್ಕೊಳ್ತಿತ್ತಂತೆ, ದಿನಾ ಹಾಗೇ ಡ್ರಮ್ಮಿಗೆ ಸುರೀತಿತ್ತಂತೆ. ಬಡಿಸುವ ಕಡೆ ಎಲ್ರೂ ನೋಡ್ತಾರೆ, ತಟ್ಟೆ ತೊಳೆಯೋ ಕಡೆ ಯಾರು ನೋಡ್ತಾರೆ ಹೇಳಿ? ಒಂಬತ್ತನೇ ದಿನ ಆ ಮಗು ಪ್ರಾರ್ಥನೆ ಸಾಲಲ್ಲೇ ಬಿತ್ತು. ದವಡೆ ಹಲ್ಲು ಕೀವು ತುಂಬಿತ್ತು, ಅಗಿಯೋಕಾಗ್ತಿರಲಿಲ್ಲ, ಹೇಳೋಕೆ ಭಯ. ಅವತ್ತಿಂದ ಇವಳು ತಟ್ಟೆ ತೊಳೆಯೋ ಜಾಗದಲ್ಲಿ ನಿಂತ್ಕೊಳ್ಳೋಕೆ ಶುರುಮಾಡಿದ್ಲು. ಈಗ ಮನೇಲೂ ಅದೇ ಕಥೆ. ನಾನು ಎರಡು ತುತ್ತು ಬಿಟ್ರೂ ಸಾಕು, ಯಾಕೆ, ಏನಾಯ್ತು, ಎಲ್ಲಿ ನೋವು ಅಂತ ಪೊಲೀಸರ ಹಾಗೆ ಕೇಳ್ತಾಳೆ. ನನ್ನ ಹೊಟ್ಟೆ ನೋಡಿ, ಇದು ನಾನು ಬೆಳೆಸಿದ್ದಲ್ಲ, ಭಯ ಬೆಳೆಸಿದ್ದು!’

ನಾನು ನಕ್ಕು ತಲೆ ಒರೆಸಿಕೊಂಡು ಎದ್ದು ಬಂದಿದ್ದೆ. ಆ ಮಾತು ನನ್ನ ಕೆಲಸಕ್ಕೂ ಸಂಬಂಧಪಟ್ಟದ್ದು ಎಂದು ಅನ್ನಿಸಲಿಲ್ಲ.

ಆಮೇಲೆ ಏಳನೇ ಬೆಡ್ಡಿಗೆ ಟೈಲ್ಸ್ ಮೇಸ್ತ್ರಿ ಬಂದ.

ನಲವತ್ತೆರಡು ವರ್ಷದ ಆಳು. ಮಂಡಿಯೂರಿ ನೆಲಕ್ಕೆ ಟೈಲ್ಸ್ ಕೂರಿಸುವ ಕೆಲಸ, ಅದಕ್ಕೆ ತಕ್ಕ ತೋಳು, ಅದಕ್ಕೆ ತಕ್ಕ ಭುಜ. ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ ಹಿಡಿದು, ಬರುವಾಗಲೇ ತುಟಿ ನೀಲಿಯಾಗಿತ್ತು. ನಾವು ನಿದ್ದೆಯ ಔಷಧಿ ಕೊಟ್ಟು, ಬಾಯಲ್ಲಿ ಟ್ಯೂಬ್ ಇಳಿಸಿ, ಉಸಿರಿನ ಕೆಲಸವನ್ನು ವೆಂಟಿಲೇಟರಿಗೆ ಒಪ್ಪಿಸಿದೆವು. ಸೋಂಕು ಮೂರೇ ದಿನದಲ್ಲಿ ಹಿಡಿತಕ್ಕೆ ಬಂತು. ಜ್ವರ ಇಳಿಯಿತು, ಎಕ್ಸ್‌ರೇಯಲ್ಲಿ ಬಿಳಿ ಮೋಡ ಸರಿಯಿತು. ಇನ್ನೇನು, ಯಂತ್ರದಿಂದ ಬಿಡಿಸುವುದೊಂದು ಬಾಕಿ, ಅದು ನನ್ನ ಪಾಲಿನ ಕೆಲಸ, ನೋಡ್ತಾ ಇರಿ ಎಂದು ನಾನು ತೋಳು ಮಡಚಿದೆ.

ಬಿಡಿಸುವುದೆಂದರೆ ಪ್ಲಗ್ ಕಿತ್ತ ಹಾಗಲ್ಲ. ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ನಿದ್ದೆಯ ಔಷಧಿ ಕಡಿಮೆ ಮಾಡಿ, ಯಂತ್ರದ ಸಹಾಯವನ್ನು ತಳಕ್ಕಿಳಿಸಿ, ರೋಗಿ ಅರ್ಧ ಗಂಟೆ ತಾನಾಗಿ ಉಸಿರಾಡುತ್ತಾನೋ ನೋಡುತ್ತೇವೆ. ಗೆದ್ದರೆ ಟ್ಯೂಬ್ ಹೊರಗೆ. ಆಗ ಹೊಟ್ಟೆ ತುಂಬಿದ್ದರೆ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯುವ ಭಯ. ಅದಕ್ಕೇ ನಾನು ಏಳು ಗಂಟೆಗೆ ಬಂದ ತಕ್ಷಣ ಮಾಡುತ್ತಿದ್ದ ಮೊದಲ ಕೆಲಸ, ಫೀಡಿನ ನಳಿಗೆಯ ಮೇಲಿನ ಚಿಕ್ಕ ಚಕ್ರವನ್ನು ಹೆಬ್ಬೆರಳಿನಿಂದ ತಳ್ಳಿ ಮುಚ್ಚುವುದು. ನಮ್ಮಲ್ಲಿದ್ದ ಪಂಪುಗಳು ಔಷಧಿಗೇ ಸಾಲುತ್ತಿರಲಿಲ್ಲ, ಊಟ ಆ ಚಕ್ರದ ದಯೆಯಿಂದ ಹನಿಹನಿಯಾಗಿ ಇಳಿಯುತ್ತಿತ್ತು.

ಮೇಸ್ತ್ರಿ ಗೆಲ್ಲಲಿಲ್ಲ. ನಾಲ್ಕನೇ ದಿನ ಇಪ್ಪತ್ತೈದು ನಿಮಿಷ ಉಸಿರಾಡಿದ, ಐದನೇ ದಿನ ಇಪ್ಪತ್ತು, ಆರನೇ ದಿನ ಹದಿನೈದು. ಆಮೇಲಾಮೇಲೆ ಹತ್ತು ನಿಮಿಷ ಕಳೆಯುವಷ್ಟರಲ್ಲೇ ನಿಮಿಷಕ್ಕೆ ಮೂವತ್ತಾರು ಸಲ ನಾಯಿಯಂತೆ ಏದುಸಿರು ಬಿಟ್ಟು, ಹಣೆ ಬೆವರಿ, ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದ. ನಾನು ಸಹಾಯ ಮತ್ತೆ ಏರಿಸಿ, ಮುಖ ಊದಿಸಿಕೊಂಡು ಇನ್ನೊಂದು ಬೆಡ್ಡಿಗೆ ಹೋಗುತ್ತಿದ್ದೆ. ಎಕ್ಸ್‌ರೇ ದಿನದಿನಕ್ಕೆ ಚೆನ್ನಾಗುತ್ತಿದೆ, ಮನುಷ್ಯ ದಿನದಿನಕ್ಕೆ ಸೋಲುತ್ತಿದ್ದಾನೆ. ಎತ್ತು ಏರಿಗೆ, ಕೋಣ ನೀರಿಗೆ.

ಆ ಆರನೇ ದಿನ ಮಧ್ಯಾಹ್ನ ಅಕ್ಕ ಕಿಂಡಿಯಿಂದ ನನ್ನನ್ನು ಕರೆದರು.

‘ಮೇಷ್ಟ್ರೇ, ಒಂದು ನಿಮಿಷ. ಏಳನೇ ಬೆಡ್ಡಿಂದು ಮೂರು ದಿನದಿಂದ ಅರ್ಧಕ್ಕಿಂತ ಹೆಚ್ಚು ವಾಪಸ್ ಬರ್ತಾ ಇದೆ. ಅವರಿಗೆ ಜೀರ್ಣ ಆಗ್ತಿಲ್ವಾ, ಅಥವಾ ಯಾರಾದ್ರೂ ನಿಲ್ಲಿಸ್ತಿದ್ದಾರಾ?’

ಬೆಳಿಗ್ಗೆಯ ಸೋಲಿನ ಸಿಟ್ಟು ನನ್ನಲ್ಲಿ ಇನ್ನೂ ಆರಿರಲಿಲ್ಲ. ‘ಅಕ್ಕಾ, ಗಾಳಿ ನಾನು ನೋಡ್ಕೋತೀನಿ, ಗಂಜಿ ನೀವು ನೋಡ್ಕೊಳ್ಳಿ. ಮಲಗಿರೋ ಮನುಷ್ಯನಿಗೆ ಎಷ್ಟು ಊಟ ಬೇಕು? ಮಲಗಿದಲ್ಲೇ ಟೈಲ್ಸ್ ಹಾಕ್ತಾನಾ?’

‘ಉಸಿರಾಡ್ಬೇಕಲ್ಲ ಮೇಷ್ಟ್ರೇ. ಅದೂ ಕೆಲಸಾನೇ.’

‘ಅದು ನನಗೆ ಗೊತ್ತು’ ಎಂದೆ. ಸುತ್ತ ಇದ್ದವರು ತಿರುಗಿ ನೋಡುವಷ್ಟು ಜೋರಾಗಿ ಎಂದೆ. ಅಕ್ಕ ಕಿಂಡಿಯ ಬಾಗಿಲು ಎಳೆದುಕೊಂಡರು. ಮತ್ತೆ ಆ ವಿಷಯ ಎತ್ತಲಿಲ್ಲ. ಆದರೆ ಅಳೆಯುವುದನ್ನು ಬಿಡಲಿಲ್ಲ.

ಹದಿಮೂರನೇ ದಿನ ದೊಡ್ಡ ಡಾಕ್ಟರು ನಮ್ಮನ್ನೆಲ್ಲ ಸೇರಿಸಿಕೊಂಡು ಮಾತಾಡಿದರು. ಅವರು ನಮ್ಮ ಐಸಿಯುವಿನ ಮುಖ್ಯಸ್ಥೆ, ಕಡ್ಡಿ ತುಂಡು ಮಾಡಿದಂತೆ ಮಾತಾಡುವವರು. ಶ್ವಾಸಕೋಶ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗೆ ಕೆಲಸ ಕೈಕೊಟ್ಟಿರಬೇಕು, ಗಂಟಲಿನಲ್ಲಿ ತೂತು ಮಾಡಿ, ಯಂತ್ರದ ಸಮೇತ ದೀರ್ಘಕಾಲದ ವಾರ್ಡಿಗೆ ಕಳಿಸೋಣ ಎಂದರು. ಆ ವಾರ್ಡು ಊರಿನ ಆಚೆ ತುದಿಯಲ್ಲಿತ್ತು. ಅಲ್ಲಿಗೆ ಹೋದವರಲ್ಲಿ ನಡೆದುಕೊಂಡು ವಾಪಸ್ ಬಂದವರು ನನಗೆ ಗೊತ್ತಿದ್ದ ಹಾಗೆ ಇಬ್ಬರು. ಮನೆಯವರಿಗೆ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಬರಹೇಳಿದರು. ನಾನು ತಲೆಯಾಡಿಸಿದೆ. ನನ್ನ ಕೈಯಲ್ಲಿ ಆಗದ್ದು ಶ್ವಾಸಕೋಶದ ತಪ್ಪು ಎಂದು ಯಾರಾದರೂ ಹೇಳಿದರೆ ಕೇಳಲು ಹಿತವಾಗಿಯೇ ಇರುತ್ತದೆ.

ಅವತ್ತು ಸಂಜೆ ಮೇಸ್ತ್ರಿಯ ಹೆಂಡತಿ ಫ್ಲಾಸ್ಕ್ ಹಿಡಿದು ಫೀಡ್ ರೂಮಿನ ಬಾಗಿಲಿಗೆ ಬಂದಳಂತೆ. ಅದನ್ನು ಕ್ಯಾಂಟೀನಿನ ಭಾಗ ಎಂದುಕೊಂಡು, ಬಿಸಿನೀರು ಸಿಗುತ್ತಾ ಎಂದು ಕೇಳಿದಳಂತೆ. ಅಕ್ಕ ಫ್ಲಾಸ್ಕ್ ತುಂಬಿಸುತ್ತಾ ಯಾವ ಬೆಡ್ಡು ಎಂದರು.

‘ಏಳು. ನಾಳೆ ಹನ್ನೊಂದಕ್ಕೆ ಬರೋಕೆ ಹೇಳಿದ್ದಾರೆ. ಭಾವನ್ನೂ ಕರ್ಕೊಂಡು ಬನ್ನಿ, ಒಬ್ರೇ ಬರಬೇಡಿ ಅಂದ್ರು. ಯಾಕಿರಬಹುದು ಅಕ್ಕಾ?’

ಒಬ್ಬರೇ ಬರಬೇಡಿ ಎಂಬ ಮಾತಿಗೆ ನಮ್ಮಲ್ಲಿ ಏನರ್ಥ ಎಂದು ಹದಿನೆಂಟು ವರ್ಷದಲ್ಲಿ ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಫ್ಲಾಸ್ಕಿನ ಮುಚ್ಚಳ ಬಿಗಿದು ಕೊಟ್ಟರು. ಆಕೆ ತನ್ನ ಮುಂಗೈ ಚಾಚಿ, ‘ಅವರ ಕೈ ಈಗ ನನ್ನ ಕೈಯಷ್ಟಾಗಿದೆ. ಮದುವೆಯಾದಾಗ ನಾನು ಎರಡೂ ಕೈ ಸೇರಿಸಿದ್ರೂ ಅವರ ತೋಳು ಹಿಡಿಯೋಕೆ ಆಗ್ತಿರಲಿಲ್ಲ’ ಎಂದಳಂತೆ.

ಮರುದಿನ ಬೆಳಿಗ್ಗೆ ಒಂಬತ್ತರ ರೌಂಡ್ಸು. ದೊಡ್ಡ ಡಾಕ್ಟರು, ಇಬ್ಬರು ಚಿಕ್ಕ ಡಾಕ್ಟರು, ಹೆಡ್ ಸಿಸ್ಟರ್, ವ್ಯಾಯಾಮ ಮಾಡಿಸುವ ಫಿಸಿಯೋ ಹುಡುಗಿ, ನಾನು, ಎಲ್ಲರೂ ಏಳನೇ ಬೆಡ್ಡಿನ ಕಾಲ ಬಳಿ ಮೇಜಿನ ಸುತ್ತ ನಿಂತಿದ್ದೆವು. ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅಕ್ಕ ಒಳಗೆ ಬಂದರು. ಫೀಡ್ ರೂಮಿನವರು ಕಿಂಡಿ ದಾಟಿ ಬರುವಂತಿಲ್ಲ, ಸೋಂಕಿನ ನಿಯಮ. ಹದಿನೆಂಟು ವರ್ಷದಲ್ಲಿ ಅವರು ಆ ಬಾಗಿಲು ದಾಟಿದ್ದನ್ನು ನಾನು ಕಂಡಿರಲಿಲ್ಲ. ಗೌನು ತಮಗಿಂತ ದೊಡ್ಡದು, ನೆಲ ಗುಡಿಸುತ್ತಿತ್ತು. ಟೋಪಿ ಹಿಂದುಮುಂದಾಗಿತ್ತು. ಎರಡೂ ಕೈಯಲ್ಲಿ ಜಗ್ಗು ಹಿಡಿದಿದ್ದರು.

‘ಏ ಅಕ್ಕಾ, ಎಲ್ಲಿಗೆ ಬರ್ತಿದ್ದೀರಾ!’ ಎಂದು ಹೆಡ್ ಸಿಸ್ಟರ್ ಕೂಗಿದರು.

ಅಕ್ಕ ಸೀದಾ ಬಂದು ಜಗ್ಗನ್ನು ಮೇಜಿನ ಮೇಲೆ, ಎಕ್ಸ್‌ರೇ ಫಿಲ್ಮಿನ ಪಕ್ಕದಲ್ಲಿ ಇಟ್ಟರು. ಅದರಲ್ಲಿ ಒಂದು ಲೀಟರಿನ ಗೆರೆ ದಾಟಿ ಬೆಳ್ಳಗಿನ ದ್ರವ ತುಂಬಿತ್ತು.

‘ಇದೇನು?’ ಎಂದರು ದೊಡ್ಡ ಡಾಕ್ಟರು.

‘ಏಳನೇ ಬೆಡ್ಡಿನವರ ನಿನ್ನೆಯ ಊಟ ಮೇಡಂ.’

‘ಊಟ ಹೋಗಿದೆಯಲ್ಲ? ಚಾರ್ಟಲ್ಲಿ ಸಾವಿರದೆಂಟುನೂರು ಮಿಲಿ ಅಂತಿದೆ.’

‘ಚಾರ್ಟ್ ಊಟ ಮಾಡಿದೆ ಮೇಡಂ. ಅವರು ಮಾಡಿಲ್ಲ.’

ಯಾರೂ ನಗಲಿಲ್ಲ. ಅಕ್ಕ ಗೌನಿನ ಜೇಬಿನಿಂದ ಚೀಟಿಗಳ ಉದ್ದದ ಪಟ್ಟಿಯೊಂದನ್ನು ತೆಗೆದು ಬಿಡಿಸಿದರು. ಕಪಾಟಿನ ಬಾಗಿಲಿನಿಂದ ಕಿತ್ತು ತಂದ ಏಳನೇ ಬೆಡ್ಡಿನ ಸಾಲು. ಹದಿಮೂರು ದಿನ, ದಿನಕ್ಕೆ ಆರು ಚೀಲ, ಪ್ರತಿಯೊಂದಕ್ಕೂ ವಾಪಸ್ ಬಂದ ಸಂಖ್ಯೆ. ‘ಸಾವಿರದೆಂಟುನೂರು ನಾನು ಕಳಿಸ್ತೀನಿ, ಚಾರ್ಟಲ್ಲಿ ಬರೆಯೋದೂ ಅದನ್ನೇ. ಒಳಗೆ ಹೋಗ್ತಿರೋದು ಏಳುನೂರು, ಏಳುನೂರೈವತ್ತು. ಬೆಳಿಗ್ಗೆ ಆರರ ಚೀಲ ಮತ್ತೆ ಹತ್ತರ ಚೀಲ, ಇವೆರಡೂ ಹೆಚ್ಚುಕಮ್ಮಿ ಪೂರ್ತಿ ವಾಪಸ್ ಬರುತ್ತೆ. ವಾಂತಿ ಇಲ್ಲ, ಭೇದಿ ಇಲ್ಲ, ಹೊಟ್ಟೆ ಉಬ್ಬರ ಇಲ್ಲ, ಸಿಸ್ಟರ್ ಹತ್ರ ಕೇಳ್ಕೊಂಡಿದ್ದೀನಿ. ಅಂದ್ರೆ ಹೊಟ್ಟೆ ಬೇಡ ಅಂತಿಲ್ಲ. ಯಾರೋ ಮುಚ್ತಿದ್ದಾರೆ.’

ನಾನು ತಿರುಗಿ ನೋಡಿದೆ. ಬೆಡ್ಡಿನ ಪಕ್ಕದ ಕಂಬಿಯಲ್ಲಿ ಆರು ಗಂಟೆಯ ಚೀಲ ತುಂಬಿ ತೂಗುತ್ತಿತ್ತು. ಚಕ್ರ ಮುಚ್ಚಿತ್ತು. ಎರಡು ಗಂಟೆಯ ಹಿಂದೆ ಅದನ್ನು ಮುಚ್ಚಿದ್ದು ನನ್ನದೇ ಹೆಬ್ಬೆರಳು.

ಒಂದೊಂದಾಗಿ ಎಲ್ಲ ಬೆಳಗೂ ನೆನಪಾದವು. ಏಳಕ್ಕೆ ಮುಚ್ಚುತ್ತೇನೆ. ಹತ್ತಕ್ಕೆ ಪರೀಕ್ಷೆ. ಸೋತ ಮೇಲೆ ಸಿಟ್ಟು ಮಾಡಿಕೊಂಡು ಹೊರಟುಹೋಗುತ್ತೇನೆ. ತೆರೆಯಿರಿ ಎಂದು ಯಾರಿಗೂ ಹೇಳುವುದಿಲ್ಲ, ಊಟ ನನ್ನ ಖಾತೆಯಲ್ಲವಲ್ಲ. ಸಿಸ್ಟರ್‌ಗಳು ಅದನ್ನು ಮುಟ್ಟುವುದಿಲ್ಲ, ಗಾಳಿ ಮೇಷ್ಟ್ರು ಮುಚ್ಚಿದ್ದನ್ನು ತೆರೆದು ಬೈಸಿಕೊಳ್ಳುವವರು ಯಾರು? ಎರಡು ಗಂಟೆಗೆ ಹೊಸ ಚೀಲ ಹಾಕುವಾಗ ಮಾತ್ರ ಚಕ್ರ ತಿರುಗುತ್ತದೆ. ಹನ್ನೊಂದು ದಿನ ಆ ಮನುಷ್ಯನನ್ನು ಉಪವಾಸ ಕೆಡವಿ, ದಿನಾ ಬೆಳಿಗ್ಗೆ ಓಟದ ಪಂದ್ಯಕ್ಕೆ ನಿಲ್ಲಿಸಿ, ಓಡಲಿಲ್ಲ ಎಂದು ನಾನೇ ಅವನ ಮೇಲೆ ಮುನಿಸಿಕೊಂಡಿದ್ದೆ. ಎದೆಯ ಗೂಡನ್ನು ಹಿಗ್ಗಿಸುವುದೂ ಮಾಂಸಖಂಡವೇ, ಅದಕ್ಕೂ ತಿನ್ನಲು ಬೇಕು. ಇದನ್ನು ನಾನೇ ಹೊಸಬರಿಗೆ ಪಾಠ ಹೇಳುತ್ತಿದ್ದೆ.

‘ಯಾರು ಮುಚ್ಚೋದು?’ ಎಂದರು ದೊಡ್ಡ ಡಾಕ್ಟರು.

ಅಕ್ಕನಿಗೆ ಅದು ನಾನೇ ಎಂದು ಗೊತ್ತಿರಲಿಲ್ಲ ಎಂದು ಹೇಗೆ ಹೇಳಲಿ? ಬೆಳಗಿನ ಎರಡು ಚೀಲ ಎಂದಾಗಲೇ ಅವರಿಗೆ ಗೊತ್ತಿತ್ತು. ಆದರೆ ಅವರು ನನ್ನ ಕಡೆ ನೋಡಲಿಲ್ಲ. ಜಗ್ಗನ್ನೇ ನೋಡುತ್ತಿದ್ದರು. ಅವರೊಮ್ಮೆ ನನ್ನತ್ತ ನೋಡಿದ್ದರೆ ನಾನು ವಾದಕ್ಕೆ ಇಳಿಯುತ್ತಿದ್ದೆನೋ ಏನೋ.

‘ನಾನು ಡಾಕ್ಟ್ರೇ’ ಎಂದೆ. ‘ಬೆಳಿಗ್ಗೆ ಮುಚ್ಚೋದು ನಾನು. ತೆರೆಯೋದು ಮರೀತೀನಿ. ಅಕ್ಕ ಆರನೇ ದಿನವೇ ಬಂದು ಹೇಳಿದ್ರು. ನಾನು ಬೈದು ಕಳಿಸಿದೆ.’

ಫಿಸಿಯೋ ಹುಡುಗಿ ಮೆಲ್ಲಗೆ, ‘ಮೂರು ಗಂಟೆಗೆ ನಾನೂ ಮುಚ್ತೀನಿ ಮೇಡಂ’ ಎಂದಳು. ಮೈ ಒರೆಸುವಾಗ ನಾವೂ ಮುಚ್ಚುತ್ತೇವೆ ಎಂದರು ಹೆಡ್ ಸಿಸ್ಟರ್. ಎಕ್ಸ್‌ರೇಗೆ ಮಲಗಿಸುವಾಗ ನಾವೂ ಎಂದ ಒಬ್ಬ ಚಿಕ್ಕ ಡಾಕ್ಟರು. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎನ್ನುತ್ತಾರೆ. ನಾವು ಹತ್ತು ಜನ ಸೇರಿ ಒಬ್ಬನನ್ನು ಹಸಿವಿನಲ್ಲಿ ಕೆಡವಿದ್ದೆವು. ಲಕ್ಷಗಟ್ಟಲೆ ಬೆಲೆಯ ಯಂತ್ರ, ಪಕ್ಕದಲ್ಲಿ ಮುಚ್ಚಿದ ಊಟ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಹನ್ನೊಂದು ಗಂಟೆಗೆ ಮೇಸ್ತ್ರಿಯ ಹೆಂಡತಿ ಮತ್ತು ಅಣ್ಣ ಬಂದರು. ಇನ್ನೂ ಒಂದು ವಾರ ನೋಡೋಣ ಎಂದಷ್ಟೇ ಹೇಳಿ ಡಾಕ್ಟರು ಅವರನ್ನು ಕಳಿಸಿದರು. ಏಕೆ ಎಂದು ಹೇಳಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಫಾಸ್ಫರಸ್ ಪಾತಾಳ ಕಂಡಿತ್ತು. ಸ್ನಾಯುಗಳಿಗೆ ಕಸುವು ಕೊಡುವ ಲವಣ ಅದು. ಚಿಕ್ಕ ಡಾಕ್ಟರೊಬ್ಬ ಉತ್ಸಾಹದಲ್ಲಿ, ಹಾಗಾದರೆ ಇವತ್ತಿನಿಂದಲೇ ಪೂರ್ತಿ ಊಟ ಸುರಿಯೋಣ ಎಂದ. ಬಾಗಿಲವರೆಗೆ ಹೋಗಿದ್ದ ಅಕ್ಕ ತಿರುಗಿದರು.

‘ಬೇಡ ಸರ್. ಉಪವಾಸ ಇದ್ದೋರಿಗೆ ಒಮ್ಮೆಲೆ ಬಡಿಸಿದ್ರೆ ಅದೂ ವಿಷ. ಹಾಸ್ಟೆಲ್ ಮಗೂಗೆ ನಾವು ಹಾಗೇ ಮಾಡಿ ಮತ್ತೆ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿದ್ವಿ.’

‘ಅಕ್ಕ ಹೇಳಿದ್ದು ಸರಿ’ ಎಂದರು ದೊಡ್ಡ ಡಾಕ್ಟರು. ಮೊದಲು ಲವಣ ತುಂಬಿಸಿ, ಊಟವನ್ನು ನಾಲ್ಕು ದಿನದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು ಎಂದಾಯಿತು. ಆಮೇಲೆ ಅಕ್ಕನನ್ನೇ ಕೇಳಿದರು, ಇದು ಮತ್ತೆ ಆಗದ ಹಾಗೆ ಏನು ಮಾಡೋಣ?

‘ಮುಚ್ಚಿದ ಕೈಯೇ ತೆರೀಬೇಕು ಮೇಡಂ, ಅಷ್ಟೇ.’

ಅವತ್ತಿನಿಂದ ಪ್ರತಿ ಕಂಬಿಗೂ ಒಂದು ಕೆಂಪು ಕಾರ್ಡು ಬಂತು. ಚಕ್ರ ಮುಚ್ಚುವವರು ಹೊತ್ತು ಬರೆದು, ಆ ಕಾರ್ಡನ್ನು ತಮ್ಮ ಕತ್ತಿಗೆ ಹಾಕಿಕೊಳ್ಳಬೇಕು. ತೆರೆದ ಮೇಲೆಯೇ ವಾಪಸ್ ನೇತುಹಾಕಬೇಕು. ಊಟಕ್ಕೆ ಹೋದರೂ ಕತ್ತಿನಲ್ಲೇ, ಮೀಟಿಂಗಿಗೆ ಹೋದರೂ ಕತ್ತಿನಲ್ಲೇ. ಮೊದಲ ವಾರ ಒಂದು ಸಲ ನಾನು ಅದನ್ನು ಹಾಕಿಕೊಂಡೇ ಕಟಿಂಗ್ ಅಂಗಡಿಯವರೆಗೆ ಹೋಗಿಬಿಟ್ಟೆ. ‘ಯಾರಿಗೋ ಊಟ ಬಾಕಿ ಇಟ್ಟು ಬಂದಿದ್ದೀರಿ ಮೇಷ್ಟ್ರೇ, ಕೂರಬೇಡಿ, ಓಡಿ’ ಎಂದು ಅಕ್ಕನ ಯಜಮಾನರು ಕುರ್ಚಿಯನ್ನೇ ಹಿಂದಕ್ಕೆ ಎಳೆದುಕೊಂಡರು. ನಾನು ಬೀದಿಯಲ್ಲಿ ಓಡಿದೆ.

ಮೇಸ್ತ್ರಿ ಕೂಡಲೇ ಏನೂ ಎದ್ದು ಕೂರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕರಗಿದ ಮಾಂಸ ವಾಪಸ್ ಬರಲು ಅದರದೇ ಸಮಯ ಬೇಕು. ಅಕ್ಕ ಪುಡಿಯಲ್ಲಿ ಪ್ರೋಟೀನಿನ ಪಾಲು ಡಾಕ್ಟರ ಆದೇಶದಂತೆ ಏರಿಸುತ್ತಾ ಹೋದರು. ಬೆಳಗಿನ ಪರೀಕ್ಷೆಯನ್ನು ನಾನು ಆ ವಾರ ನಿಲ್ಲಿಸಿದೆ, ದಣಿದವನನ್ನು ಮತ್ತೆ ದಣಿಸುವುದು ಬೇಡವೆಂದು. ಏಳು ಗಂಟೆಗೆ ಬಂದವನು ಮೊದಲು ಕಿಂಡಿಯ ಹತ್ತಿರ ಹೋಗಿ, ಅಕ್ಕಾ, ನಿನ್ನೆ ಎಷ್ಟು ಬಂತು ಎಂದು ಕೇಳುತ್ತಿದ್ದೆ. ಐನೂರು, ಮುನ್ನೂರು, ನೂರಿಪ್ಪತ್ತು, ಎಂದು ಅಕ್ಕ ತಲೆ ಎತ್ತದೆ ಹೇಳುತ್ತಿದ್ದರು. ನಾನು ಕ್ಷಮೆ ಕೇಳಿದ್ದೂ ಆ ಕಿಂಡಿಯಲ್ಲೇ. ‘ಕ್ಷಮೆ ಆಮೇಲೆ ಕೇಳಿ ಮೇಷ್ಟ್ರೇ, ಹತ್ತರ ಚೀಲ ಹಿಡ್ಕೊಂಡು ಹೋಗಿ’ ಎಂದು ಚೀಲ ಕೈಗಿಟ್ಟರು.

ಡಾಕ್ಟರು ಕೊಟ್ಟ ವಾರ ಮುಗಿಯುವ ದಿನ ಪರೀಕ್ಷೆ ಮಾಡಿದೆ. ಸಹಾಯ ಇಳಿಸಿದಾಗ ಉಸಿರು ನಿಮಿಷಕ್ಕೆ ಇಪ್ಪತ್ತೆಂಟು. ಅರ್ಧ ಗಂಟೆ ತಡೆದುಕೊಂಡ, ಆದರೆ ಹಣೆ ಬೆವರಿತ್ತು. ಡಾಕ್ಟರು ಇನ್ನೆರಡು ದಿನ ಕೊಟ್ಟರು. ಇಪ್ಪತ್ತಮೂರನೇ ದಿನ ಉಸಿರು ಇಪ್ಪತ್ತೆರಡು, ಹಣೆ ಒಣಗಿತ್ತು, ಅವನು ನನ್ನ ಕೈ ಹಿಡಿದು ಹಿಚುಕಿದ, ನೋವಾಗುವಷ್ಟು. ಟ್ಯೂಬ್ ಎಳೆದೆ. ಕೆಮ್ಮಿದ, ಕ್ಯಾಕರಿಸಿದ, ಗೊಗ್ಗರು ದನಿಯಲ್ಲಿ ಇವತ್ತು ಯಾವ ವಾರ ಎಂದ. ಇಪ್ಪತ್ತೊಂಬತ್ತು ವರ್ಷದಲ್ಲಿ ಸಾವಿರ ಸಲ ಟ್ಯೂಬ್ ತೆಗೆದಿದ್ದೇನೆ. ಆವತ್ತು ಮಾತ್ರ ಉತ್ತರ ಹೇಳುವುದನ್ನು ಸಿಸ್ಟರಿಗೆ ಬಿಟ್ಟು, ಕತ್ತಿನಲ್ಲಿದ್ದ ಕೆಂಪು ಕಾರ್ಡಿನ ಮೇಲಿನ ಹೊತ್ತು ನೋಡಿಕೊಂಡೆ.

ಮೂರು ದಿನದ ನಂತರ ಅವನನ್ನು ಸಾಮಾನ್ಯ ವಾರ್ಡಿಗೆ ಸಾಗಿಸುವ ಹೊತ್ತು. ಚಮಚದಲ್ಲಿ ನುಂಗಲು ಕಲಿಯುತ್ತಿದ್ದ, ಆದರೆ ಮೂಗಿನ ನಳಿಗೆ ಇನ್ನೂ ಇತ್ತು. ಲಿಫ್ಟಿಗೆ ಕಾಯುತ್ತಿದ್ದಾಗ ಅವನ ಹೆಂಡತಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

‘ಸರ್, ನೀವೇ ಅವರಿಗೆ ಉಸಿರು ಕೊಟ್ಟಿದ್ದು ಅಂತ ಎಲ್ರೂ ಹೇಳಿದ್ರು. ಅಷ್ಟು ದಿನ ಯಾಕೆ ಆಗ್ಲಿಲ್ಲ, ಆಮೇಲೆ ಹೇಗಾಯ್ತು, ನಮಗೇನೂ ಗೊತ್ತಾಗ್ಲಿಲ್ಲ. ಏನಾಗಿತ್ತು ಅವರಿಗೆ?’

ಒಂದು ಉದ್ದನೆಯ ರೋಗದ ಹೆಸರು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಬಾಯಿಯವರೆಗೆ ಬಂದಿತ್ತು ಕೂಡ.

‘ಹಸಿವಾಗಿತ್ತಮ್ಮ’ ಎಂದೆ. ‘ಅವರ ಊಟದ ನಳಿಗೆ ನಾನು ಮುಚ್ಚುತ್ತಿದ್ದೆ, ತೆರೆಯೋದು ಮರೀತಿದ್ದೆ. ಹನ್ನೊಂದು ದಿನ.’

ಆಕೆ ನನ್ನ ಕೈ ಬಿಟ್ಟಳು.

‘ಹೊಟ್ಟೆಗೆ ಹಾಕದೆ ಉಸಿರಾಡು, ಉಸಿರಾಡು ಅಂತಿದ್ರಾ?’

‘ಹೌದಮ್ಮ.’

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಯಾರು ಕಂಡುಹಿಡಿದರು ಎಂದು ಕೇಳಿದಳು. ನಾನು ಎದುರಿನ ಬಾಗಿಲು ತೋರಿಸಿದೆ. ಅಕ್ಕ ಸಿಂಕಿನ ಮುಂದೆ ಚೀಲ ತೊಳೆಯುತ್ತಾ ನಿಂತಿದ್ದರು, ಮಾತೆಲ್ಲ ಕೇಳಿಸಿರಬೇಕು. ಆಕೆ ಹತ್ತಿರ ಹೋಗಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಒದ್ದೆ ಕೈ ಎತ್ತಿ ತಡೆದರು.

‘ನನಗೆ ಥ್ಯಾಂಕ್ಸ್ ಹೇಳ್ಬೇಡಮ್ಮಾ. ಆರನೇ ದಿನವೇ ನನಗೆ ಗೊತ್ತಾಗಿತ್ತು. ಒಂದು ಸಲ ಹೇಳಿದೆ, ಮೇಷ್ಟ್ರು ರೇಗಿದ್ರು, ಅವಮಾನ ಆಯ್ತು ಅಂತ ಸುಮ್ಮನಾದೆ. ಎಂಟು ದಿನ ಇಲ್ಲೇ ನಿಂತು ನಿನ್ನ ಗಂಡನ ಊಟ ಈ ಸಿಂಕಿಗೆ ಚೆಲ್ಲಿದ್ದೀನಿ. ಅಳೆದು ಅಳೆದು ಚೆಲ್ಲಿದ್ದೀನಿ.’

ನಾನು ಬಾಗಿಲಲ್ಲಿ ನಿಂತಿದ್ದೆ. ಒಳಗೆ ಹೋಗಲು ಜಾಗವೂ ಇರಲಿಲ್ಲ, ಮುಖವೂ ಇರಲಿಲ್ಲ. ಇಡೀ ಆಸ್ಪತ್ರೆ ಹೊಗಳುತ್ತಿದ್ದ ಹೆಂಗಸು, ಯಾರೂ ಕೇಳದೇ ಇದ್ದರೂ, ತನ್ನ ಪಾಲಿನ ಎಂಟು ದಿನವನ್ನು ತಾನೇ ತೆಗೆದು ಎದುರಿಗೆ ಇಟ್ಟಿದ್ದರು. ನಾನು ಕಂಡ ದೊಡ್ಡ ಮನುಷ್ಯರಲ್ಲಿ ಅಷ್ಟು ದೊಡ್ಡವರು ಬೇರೆ ಯಾರೂ ಇಲ್ಲ. ಇದನ್ನು ನಾನು ಈಗಲೂ ಯಾರ ಎದುರಿಗಾದರೂ ಹೇಳುತ್ತೇನೆ.

ಮೇಸ್ತ್ರಿಯ ಹೆಂಡತಿ ಸಿಂಕಿನೊಳಗೆ ಬಗ್ಗಿ ನೋಡಿದಳು. ಹೊರಗೆ ಲಿಫ್ಟ್ ಬಂದು, ಬಾಗಿಲು ತೆರೆದು, ಮುಚ್ಚಿಕೊಂಡು ಹೋಯಿತು.

‘ನಿನ್ನೆ ಎಷ್ಟು ಹೋಯ್ತು ಅವರಿಗೆ?’ ಎಂದಳು.

‘ಎಲ್ಲಾ ಹೋಯ್ತು. ಆರು ಚೀಲಾನೂ ಖಾಲಿ ಬಂದಿದೆ, ನೋಡು’ ಎಂದು ಅಕ್ಕ ತೊಳೆಯದೆ ಉಳಿದಿದ್ದ ಚೀಲವೊಂದನ್ನು ಎತ್ತಿ ಅವಳ ಕೈಗೆ ಕೊಟ್ಟರು.

ಅವಳು ಆ ಖಾಲಿ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು, ಅಕ್ಕನ ಮಣೆಯ ಮೇಲೆ ಕುಸಿದು ಕೂತು, ಜೋರಾಗಿ ಅತ್ತಳು.